ಒಬ್ಬಳೇ ಹುಡುಗಿಯ ಶಾಲೆ, ಅವಳು ಕೂಡಿಸಿದ ಕಲ್ಲುಗಳು

ಆ ವರ್ಷ ನನ್ನ ಶಾಲೆಯಲ್ಲಿ ಓದುತ್ತಿದ್ದವಳು ಒಬ್ಬಳೇ ಹುಡುಗಿ.

ಮದ್ದೂರು ತಾಲ್ಲೂಕಿನಲ್ಲಿ, ಬೆಸಗರಹಳ್ಳಿ ದಾಟಿ ಇನ್ನೂ ಒಳಕ್ಕೆ ಹೋಗಬೇಕಾದ ಒಂದು ಊರು. ಐದನೇ ತರಗತಿಯವರೆಗಿನ ಸರ್ಕಾರಿ ಶಾಲೆ. ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲೊಂದು ಹೊಂಗೆಮರ. ಪಾಠ ಹೇಳುವವಳೂ ನಾನೇ, ಗಂಟೆ ಬಾರಿಸುವವಳೂ ನಾನೇ. ಹಿಂದಿನ ವರ್ಷದವರೆಗೂ ಒಂದು ಸಾಲು ಕೂರಿಸುವಷ್ಟಾದರೂ ಮಕ್ಕಳಿದ್ದರು. ದೊಡ್ಡವರು ಐದನೇ ತರಗತಿ ಮುಗಿಸಿ ಹೊರಟರು. ಉಳಿದವರನ್ನು, ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ಬಂದು ಹಾರನ್ ಹೊಡೆಯುವ ಹಳದಿ ವ್ಯಾನು ಮದ್ದೂರಿನ ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋಗತೊಡಗಿತು. ಹೆತ್ತವರನ್ನು ನಾನು ದೂರುವುದಿಲ್ಲ. ನನಗೇ ಮಕ್ಕಳಿದ್ದಿದ್ದರೆ ನಾನೇನು ಮಾಡುತ್ತಿದ್ದೆನೋ.

ಸಾಲಿನ ಕಡೆಯಲ್ಲಿ ಮಾತಿಲ್ಲದೆ ಕೂರುತ್ತಿದ್ದ ಇವಳೂ ಆ ವ್ಯಾನಿನಲ್ಲಿ ಹೋಗಬೇಕಾದವಳೇ. ಹತ್ತಿದ ದಿನದಿಂದ ವಾಂತಿ. ಕಿಟಕಿ ಪಕ್ಕ ಕೂರಿಸಿದರೂ ವಾಂತಿ, ಬರೀ ಹೊಟ್ಟೆಯಲ್ಲಿ ಕಳಿಸಿದರೂ ವಾಂತಿ. ಕೊನೆಗೆ ಅವಳ ತಾತ ಕೈಹಿಡಿದು ನಡೆಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು.

"ಇಲ್ಲೇ ಇರ್ಲಿ ಬುಡಿ ಮೇಡಮ್ಮೋರೆ. ಒಟ್ಟೆಲಿರೋದೆಲ್ಲ ಆಚಿಕ್ ಬತ್ತಾ ಇದ್ರೆ ಇಂಗ್ಲೀಸು ಒಳಿಕ್ಕೆ ಎಂಗೋಯ್ತದೆ?"

ನಾನು ನಕ್ಕೆ. ಹುಡುಗಿ ನಗಲಿಲ್ಲ. ನಾಲ್ಕನೇ ತರಗತಿ, ತೆಳ್ಳನೆಯ ಕೂಸು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದಳು. ಅಪ್ಪ ಲಾರಿ ಡ್ರೈವರ್. ದೂರದ ಲೋಡು, ಊರಿಗೆ ಬಂದರೆ ಬಂದ. ಮನೆಯಲ್ಲಿ ತಾತನೂ ಅವಳೂ, ಇಲ್ಲಿ ನಾನೂ ಅವಳೂ.

ಒಬ್ಬಳಿಗೆ ಪಾಠ ಹೇಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಪ್ರಾರ್ಥನೆಗೆ ಅವಳೊಬ್ಬಳೇ ಸಾಲು. ನಾನು ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಾದವಳು ಅವಳೇ, ಗೊತ್ತಿಲ್ಲದಿದ್ದರೆ ಪಕ್ಕದವರ ಕಡೆ ನೋಡಲು ಪಕ್ಕದಲ್ಲಿ ಯಾರೂ ಇಲ್ಲ. ತಪ್ಪು ಹೇಳಿದರೆ ನಗುವವರಿಲ್ಲ, ಸರಿ ಹೇಳಿದರೆ ಹೊಟ್ಟೆಕಿಚ್ಚು ಪಡುವವರೂ ಇಲ್ಲ. ಮೊದಲ ವಾರಗಳಲ್ಲಿ ಅವಳು ಆಡಿದ ಮಾತು 'ಊಂ' ಮತ್ತು 'ಊಂಊಂ' ಮಾತ್ರ. ಅಡುಗೆಯಮ್ಮ ಸಣ್ಣ ಪಾತ್ರೆಯಲ್ಲಿ ಅನ್ನ ಸಾರು ಮಾಡಿ, "ಬಾರವ್ವ, ಉಂಡ್ಕ ಬಾ" ಎಂದು ಕರೆಯುತ್ತಿದ್ದಳು. ನಾವು ಮೂವರೂ ಜಗಲಿಯ ಮೇಲೆ ಕೂತು ಮಾತಿಲ್ಲದೆ ಉಣ್ಣುತ್ತಿದ್ದೆವು.

ಮಾತಿಲ್ಲದ ಊಟ ನನಗೂ ಹೊಸದಲ್ಲ. ಆ ಬೇಸಿಗೆಯಲ್ಲಿ ನನ್ನ ತಾಯಿ ತೀರಿಕೊಂಡಿದ್ದರು. ನಾನು ಮದುವೆಯಾಗಲಿಲ್ಲ. ಮಂಡ್ಯದ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅಮ್ಮ ಇದ್ದಾಗ ಸಂಜೆ ಗೇಟಿನ ಸದ್ದಿಗೇ ಬಾಗಿಲು ಒಳಗಿನಿಂದ ತೆರೆಯುತ್ತಿತ್ತು. ಈಗ ಬೀಗ ನಾನೇ ಹಾಕಬೇಕು, ನಾನೇ ತೆಗೆಯಬೇಕು. ಬೆಳಿಗ್ಗೆ ಕಾಫಿ ಕುಡಿದು ಕಟ್ಟೆಯ ಮೇಲಿಟ್ಟ ಲೋಟ ಸಂಜೆ ಅಲ್ಲೇ ಇರುತ್ತಿತ್ತು. ಅದನ್ನು ನೋಡುವುದು ನನಗೆ ಎಷ್ಟು ಬೇಡವಾಗಿತ್ತೆಂದರೆ, ಬಸ್ಸಿಗೆ ತಡವಾದರೂ ಲೋಟ ತೊಳೆದಿಟ್ಟೇ ಹೊರಡುವುದನ್ನು ರೂಢಿ ಮಾಡಿಕೊಂಡೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅವಳು ಹೊಂಗೆಮರದ ಕೆಳಗೆ ಕೂತು ಕಲ್ಲಾಟ ಆಡುತ್ತಿದ್ದಳು. ಐದು ಕಲ್ಲು ಚೆಲ್ಲಿ, ಒಂದನ್ನು ಮೇಲಕ್ಕೆ ಎಸೆದು, ಅದು ಬೀಳುವಷ್ಟರಲ್ಲಿ ಕೆಳಗಿನದನ್ನು ಎತ್ತಿಕೊಳ್ಳುವ ಆಟ. ಎದುರಾಳಿ ಇಲ್ಲ. ತನ್ನ ಸರದಿ ಮುಗಿದರೆ ಎದ್ದು ಎದುರಿಗೆ ಹೋಗಿ ಕೂತು ಇನ್ನೊಬ್ಬಳ ಸರದಿಯನ್ನೂ ತಾನೇ ಆಡುತ್ತಿದ್ದಳು. ನೋಡಲಾಗದೆ ನಾನೇ ಹೋಗಿ ಎದುರು ಕೂತೆ. ಹುಡುಗಿಯಾಗಿದ್ದಾಗ ಆಡಿದ್ದು, ಕೈ ಮರೆತಿತ್ತು. ಎರಡು ಸಲ ಸೋತೆ.

"ಆ ಕಲ್ ಬ್ಯಾಡ ಮಿಸ್, ಅದು ಜಾರ್ತದೆ" ಎಂದಳು.

ಅವಳಾಗಿ ಆಡಿದ ಮೊದಲ ಮಾತು ಅದು. ಯಾವುದು ಜಾರುತ್ತೆ ಎಂದು ಕೇಳಿದೆ. ಕಪ್ಪಗೆ ನುಣ್ಣಗಿದ್ದ ಒಂದನ್ನು ನನ್ನ ಅಂಗೈಯಲ್ಲಿಟ್ಟಳು. ಜೊತೆಗೆ ಬಿಳಿಯದೊಂದನ್ನು ಇಟ್ಟಳು. ಎರಡೂ ಒಂದೇ ಗಾತ್ರ, ಕಪ್ಪುಕಲ್ಲು ಭಾರ. ನಾನು ಅದನ್ನು ಗಮನಿಸಿರಲಿಲ್ಲ. "ಇದ್ಯಾಕೆ ಇಷ್ಟು ಭಾರ?" ಎಂದು ಅವಳನ್ನೇ ಕೇಳಿದೆ. ಅವಳು ಕಲ್ಲನ್ನು ತನ್ನ ಕೈಗೆ ತೆಗೆದುಕೊಂಡು ತೂಗಿ ನೋಡಿ, "ಒಳಗೆ ಬಾಳ ತುಂಬ್ಕಂಡದೆ" ಎಂದಳು.

ಮರುದಿನ ಲಂಗದ ಮಡಿಲಲ್ಲಿ ಕಲ್ಲುಗಳನ್ನು ತುಂಬಿಕೊಂಡು ಬಂದಳು. ಮಕ್ಕಳಿಲ್ಲದೆ ಖಾಲಿ ಬಿದ್ದಿದ್ದ ಎರಡನೇ ಕೋಣೆಯ ಮೂಲೆಯಲ್ಲಿ ನಾವು ಅವನ್ನು ಹರಡಿದೆವು. ಪಾಠ ಮಾಡಬೇಕೆಂದು ನಾನೇನೂ ಹೂಡಿದ್ದಲ್ಲ. ಮಗು ಬಾಯಿ ಬಿಟ್ಟಿತ್ತು. ಅದು ಮತ್ತೆ ಮುಚ್ಚಬಾರದು ಎಂಬುದಷ್ಟೇ ನನ್ನ ಆಸೆ.

ಮೊದಲು ಬಣ್ಣದ ಮೇಲೆ ಗುಂಪು ಮಾಡಿದಳು. ಮಳೆ ಬಂದು ಕೆಲವು ನೆನೆದಾಗ ಬಣ್ಣಗಳು ಬದಲಾದವು. ಬೂದುಬಣ್ಣದ್ದು ಕಪ್ಪಾಯಿತು, ಸಪ್ಪೆಯದರಲ್ಲಿ ಗುಲಾಬಿ ಗೆರೆ ಕಾಣಿಸಿಕೊಂಡಿತು. ಎಲ್ಲವನ್ನೂ ಕೆಡವಿ, ನುಣುಪು ಒರಟು ನೋಡಿ ಮತ್ತೆ ಗುಂಪು ಮಾಡಿದಳು. ಆಮೇಲೆ ಒಂದರಿಂದ ಇನ್ನೊಂದನ್ನು ಗೀಚಿ, ಯಾವುದರ ಮೇಲೆ ಗೆರೆ ಬೀಳುತ್ತದೆ, ಯಾವುದರ ಮೇಲೆ ಬೀಳುವುದಿಲ್ಲ ಎಂದು ನೋಡಿ ಇನ್ನೊಮ್ಮೆ. ಸ್ಲೇಟಿನ ಬಳಪವೂ ಕಲ್ಲೇ ಎಂದು ನಾನು ಹೇಳಿದಾಗ ನಂಬಲಿಲ್ಲ. ಉಗುರಿನಿಂದ ಗೀರಿ, ಪುಡಿ ಉದುರಿದ್ದನ್ನು ನೋಡಿ, "ಇದು ಪಾಪದ್ದು" ಎಂದು ಬೇರೆ ಇಟ್ಟಳು. ಹೀಗೆ ಗುಂಪು ಕಟ್ಟುವುದು, ಕೆಡವುವುದು ತಿಂಗಳುಗಟ್ಟಲೆ ನಡೆಯಿತು. ಗಣಿತದಲ್ಲಿ ಒಂದು ಲೆಕ್ಕ ತಪ್ಪಾದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ ಹುಡುಗಿ, ಒಂದಿಡೀ ದಿನ ಜೋಡಿಸಿದ್ದನ್ನು "ಇದು ಸರ್ಯಾಗಿಲ್ಲ ಮಿಸ್" ಎಂದು ತಾನೇ ಕೈಯಾಡಿಸಿ ಚೆಲ್ಲಾಪಿಲ್ಲಿ ಮಾಡುವುದನ್ನು ನೋಡುತ್ತಾ ಕೂತಿರುತ್ತಿದ್ದೆ.

ಒಂದು ದಿನ ಓಡಿ ಬಂದಳು. ಮುಷ್ಟಿ ಬಿಗಿಯಾಗಿತ್ತು. ಬಂಗಾರ ಸಿಕ್ಕಿದೆ ಎಂದು ಕಿವಿಯಲ್ಲಿ ಹೇಳಿದಳು. ಬಿಚ್ಚಿ ನೋಡಿದರೆ ಕಾಗೆಬಂಗಾರ. ಪದರ ಪದರವಾಗಿ ಬಿಡಿಸಲು ಬರುವ, ಬಿಸಿಲಿಗೆ ಹೊಳೆಯುವ ಚೂರು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದೆ. ಆಮೇಲೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕಾಗೇದಾದ್ರೂ ಬಂಗಾರನೇ ಅಲ್ವಾ ಮಿಸ್?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮೂಲೆಗೆ ಓಡಿದಳು.

ಬೆಣಚುಕಲ್ಲಿನ ಬೆಳಕು ಅವಳಿಗೆ ತೋರಿಸಿದ್ದು ನಾನು. ಚಿಕ್ಕಂದಿನಲ್ಲಿ ಮಂಡ್ಯದ ನಮ್ಮ ಬೀದಿಯ ಮಕ್ಕಳೆಲ್ಲ ಕಂಬಳಿಯೊಳಗೆ ತಲೆ ತೂರಿಸಿ ಎರಡು ಬಿಳಿಕಲ್ಲು ಉಜ್ಜುತ್ತಿದ್ದದ್ದು ನೆನಪಾಯಿತು. ಶಾಲೆಯ ಅಕ್ಕಿ ಬೇಳೆ ಇಡುವ ಕೋಣೆಗೆ ಕಿಟಕಿ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಒಳಕ್ಕೆ ಕರೆದು ಬಾಗಿಲು ಹಾಕಿದೆ. ಹೊರಗಿನಿಂದ ಅಡುಗೆಯಮ್ಮ ಬಾಗಿಲು ತಟ್ಟಿದಳು.

"ಏನ್ ಮೇಡಮ್ಮೋರೆ, ಬಾಗ್ಲಾಕ್ಕಂಡು ಏನ್ ಮಾಡ್ತಿದ್ದೀರಿ?"

"ನೀವೂ ಬನ್ನಿ."

ಅವಳೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಬಾಗಿಲಿನ ಸಂದಿಗೆ ಗೋಣಿಚೀಲ ತುರುಕಿ ಮೂವರೂ ಅಕ್ಕಿಮೂಟೆಗಳ ನಡುವೆ ಕೂತೆವು. ನಾನು ಉಜ್ಜಿದೆ. ಏನೂ ಆಗಲಿಲ್ಲ. ಇನ್ನೂ ಬಿಗಿಯಾಗಿ ಉಜ್ಜಿದೆ. ಕಲ್ಲಿನ ಹೊಟ್ಟೆಯೊಳಗೆ ಕೆಂಡದ ಬಣ್ಣದ ಬೆಳಕು ಮಿಣ್ಣನೆ ಎದ್ದು ಆರಿತು. ಸುಟ್ಟ ವಾಸನೆ ಬಂತು.

"ಅಯ್ಯೋ ಸಿವ್ನೆ!" ಎಂದಳು ಅಡುಗೆಯಮ್ಮ. ಹುಡುಗಿ ನನ್ನ ಕೈಯಿಂದ ಕಲ್ಲು ಕಿತ್ತುಕೊಂಡು ಉಜ್ಜಿದಳು. ಆ ಮಸುಕಿನಲ್ಲಿ ಅವಳ ಬಾಯಿ ತೆರೆದಿರುವುದು, ಮುಂದಿನ ಹಲ್ಲೊಂದು ಬಿದ್ದು ಹೊಸದು ಬರುತ್ತಿರುವುದು ಕಂಡಿತು. ಆಮೇಲೆ ಅಡುಗೆಯಮ್ಮನ ಸರದಿ. ಮೂರು ಹೆಂಗಸರು ಹಾಡಹಗಲಲ್ಲಿ ಕತ್ತಲೆಕೋಣೆಯಲ್ಲಿ ಕೂತು ಕಲ್ಲು ಉಜ್ಜಿ ಉಜ್ಜಿ ನಗುತ್ತಿದ್ದೆವು. ಅಮ್ಮ ಹೋದ ಮೇಲೆ ನಾನು ಜೋರಾಗಿ ನಕ್ಕದ್ದು ಅವತ್ತೇ. ಸಂಜೆ ಮಂಡ್ಯಕ್ಕೆ ಬಂದು ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಹೇಳುವುದು? ಮೈಸೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ಗಾಡಿ ಓಡಿಸುತ್ತಿದ್ದ, ಆಮೇಲೆ ಮಾಡುತ್ತೇನೆ ಎಂದ. ಮಾಡುವ ಹೊತ್ತಿಗೆ ಹೇಳಬೇಕೆಂಬ ಆಸೆ ತಣ್ಣಗಾಗಿತ್ತು. ಸುಮ್ಮನೆ ಮಾಡಿದ್ದೆ ಎಂದೆ.

ಅಕ್ಟೋಬರಿನಲ್ಲಿ ಶಾಲೆಯ ಹಿಂದಿನ ತೋಟದಲ್ಲಿ ಬೋರ್‌ವೆಲ್ ಕೊರೆಯಲು ಲಾರಿ ಬಂತು. ಆ ಸದ್ದಿನಲ್ಲಿ ಪಾಠ ಸಾಧ್ಯವೇ ಇಲ್ಲ. ಅವಳ ಕೈಹಿಡಿದು ಬೇಲಿಯ ಈಚೆ ನಿಂತೆ. ಕೊಳವೆ ಕೆಳಕ್ಕಿಳಿದಂತೆ ಮೇಲಕ್ಕೆ ಬರುವ ಪುಡಿಯನ್ನು ಕೆಲಸದವರು ಸಣ್ಣ ಸಣ್ಣ ಗುಡ್ಡೆ ಮಾಡಿ ಸಾಲಾಗಿ ಇಡುತ್ತಿದ್ದರು. ಮೊದಲ ಗುಡ್ಡೆ ಕೆಂಪುಮಣ್ಣು, ಆಮೇಲಿನದು ಬಿಳಿ ಗೊರಚು, ಅದರಾಚೆಗೆ ಬೂದಿಯಂಥದು. ಅವಳು ನನ್ನ ಕೈ ಬಿಡಿಸಿಕೊಂಡು ಬೇಲಿ ನುಸುಳಿ, ಮೈಯೆಲ್ಲ ಧೂಳಾದ ಒಬ್ಬ ಆಳಿನ ಮುಂದೆ ಹೋಗಿ ನಿಂತಳು. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಅವಿತುಕೊಳ್ಳುವ ಹುಡುಗಿ ಅವಳು.

"ಅಣ್ಣ, ವಸಿ ಕೊಡಿ" ಎಂದು ಕೂಗಿದಳು.

ಅವನಿಗೆ ಕನ್ನಡ ಬಾರದು. ಅವಳು ಗುಡ್ಡೆ ತೋರಿಸಿ ಅಂಗೈ ಒಡ್ಡಿದಳು. ಅವನು ನಕ್ಕು ಒಂದು ಹಿಡಿ ಹಾಕಿದ. ಆಮೇಲೆ ಬಣ್ಣ ಬದಲಾದಾಗಲೆಲ್ಲ ಅವನೇ ಕೈಬೀಸಿ ಅವಳನ್ನು ಕರೆಯತೊಡಗಿದ. ಇಳಿಹೊತ್ತಿಗೆ ಗುಲಾಬಿ ಬಣ್ಣದ ಪುಡಿ ಬಂತು, ಅದರ ಹಿಂದೆಯೇ ನೀರು. ತೋಟದವರು ಕುಣಿದಾಡುತ್ತಿದ್ದರೆ ಇವಳು ಒದ್ದೆ ಪುಡಿಯನ್ನು ಹಾಳೆಯಲ್ಲಿ ಕಟ್ಟಿಕೊಂಡು ನನ್ನ ಹತ್ತಿರ ಬಂದು, "ಮಿಸ್, ನಮ್ಮೂರ ಕೆಳಗ್ಡೆ ಬಣ್ಣದ್ ಊರೊಂದದೆ" ಎಂದಳು.

ತನ್ನ ಅಪ್ಪನನ್ನೂ ಅವಳು ಇದರೊಳಕ್ಕೆ ಎಳೆದುಕೊಂಡಳು. ಅಲ್ಲಿಯವರೆಗೆ ಅವರ ಫೋನ್ ಮಾತು ಹೇಗಿರುತ್ತಿತ್ತು ಎಂದು ತಾತ ಹೇಳಿದ್ದರು: ಉಂಡ್ಯಾ? ಊಂ. ಓದ್ತಿದ್ದೀಯಾ? ಊಂ. ಅಷ್ಟು. ಈಗ ಅವಳು ಕೇಳುತ್ತಿದ್ದಳಂತೆ, "ಅಪ್ಪ, ಲಾರಿ ಎಲ್ ನಿಲ್ಸಿದ್ದೀಯ? ಕೆಳಿಕ್ ಇಳ್ದು ನೋಡು, ಕಲ್ ಎಂಗವೆ?" ಆತ ಮೊದಲು ರೇಗಿದ. ಆಮೇಲೆ ಇಳಿದು ನೋಡಿದ. ದೀಪಾವಳಿಗೆ ಊರಿಗೆ ಬಂದಾಗ ಲಾರಿಯ ಸೀಟಿನ ಕೆಳಗಿನಿಂದ ಒಂದು ಚೀಲ ತೆಗೆದುಕೊಟ್ಟನಂತೆ. ಬಳ್ಳಾರಿ ಕಡೆಯ ಕೆಂಪು ಕಲ್ಲು, ಮುಟ್ಟಿದರೆ ಕೈಗೆ ಬಣ್ಣ ಹತ್ತುವಂಥದು. ರಾಜಸ್ಥಾನದ ಹಾಲುಬಿಳಿಯ ಚೂರು. ಸಮುದ್ರದ ದಂಡೆಯಲ್ಲಿ ಆಯ್ದ, ತೂತು ತೂತಾದ ಒಂದು. ನಾನು ಭಾರತದ ಭೂಪಟವನ್ನು ನೆಲದ ಮೇಲೆ ಹಾಸಿದೆ. ಅವಳು ಒಂದೊಂದನ್ನೂ ಅದರ ಊರಿನ ಮೇಲಿಟ್ಟು, ಮಧ್ಯೆ ಬೆರಳೆಳೆದು ಲಾರಿ ಓಡಿಸಿದಳು. ದೂರ ಅನ್ನುವುದು ಎಷ್ಟು ದೂರ ಎಂದು ಅವತ್ತು ಅವಳಿಗೆ ತಿಳಿಯಿತು ಅನಿಸುತ್ತದೆ. ಬಿಳಿಚೂರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು.

"ಅಪ್ಪ ಇಲ್ಲಿಂದ ಬರ್ಬೇಕಾ ಮಿಸ್?"

"ಹೂಂ."

"ಪಾಪ" ಎಂದಳು.

ಇಷ್ಟರಲ್ಲಿ ಅವಳು ಮಾತುಗಾರ್ತಿಯಾಗಿದ್ದಳು. ಆದರೆ ಮಾತಾಡುವುದಕ್ಕೆ ಇದ್ದವರು ನಾವಿಬ್ಬರು ಹೆಂಗಸರು. ಡಿಸೆಂಬರಿನ ಒಂದು ಬೆಳಿಗ್ಗೆ ಬಸ್ಸು ತಡವಾಗಿ, ನಾನು ಬರುವ ಹೊತ್ತಿಗೆ ಅಡುಗೆಯಮ್ಮ ಕೋಣೆಯ ಬಾಗಿಲು ತೆಗೆದಿದ್ದಳು. ಒಳಗಿನಿಂದ ಹುಡುಗಿಯ ದನಿ ಕೇಳಿಸಿತು. ಬಾಗಿಲ ಪಕ್ಕ ನಿಂತು ಇಣುಕಿದೆ. ಹಿಂದಿನ ವರ್ಷ ಮಕ್ಕಳು ಕೂರುತ್ತಿದ್ದ ಜಾಗಗಳಲ್ಲಿ, ಒಬ್ಬೊಬ್ಬರ ಜಾಗದಲ್ಲಿ ಒಂದೊಂದು ಕಲ್ಲು. ಅವಳು ನನ್ನ ಕುರ್ಚಿಯ ಪಕ್ಕ ನಿಂತು ಬಿಟ್ಟುಹೋದ ಮಕ್ಕಳ ಹೆಸರು ಹಿಡಿದು ಹಾಜರಿ ಕೂಗುತ್ತಿದ್ದಳು. ಒಂದೊಂದು ಹೆಸರಿಗೂ ಒಂದೊಂದು ದನಿ ಮಾಡಿ "ಎಸ್ ಮಿಸ್" ಎನ್ನುವವಳೂ ಅವಳೇ. ಕಡೆಯಲ್ಲಿ ತನ್ನ ಹೆಸರು ಕೂಗಿ, ಓಡಿಹೋಗಿ ಕಲ್ಲುಗಳ ನಡುವೆ ಚಕ್ಕಂಬಕ್ಕಲ ಹಾಕಿ ಕೂತು, "ಎಸ್ ಮಿಸ್" ಎಂದಳು.

ನಾನು ಸದ್ದಾಗದಂತೆ ಹಿಂದಕ್ಕೆ ಸರಿದು, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ.

"ಯಾಕಮ್ಮ, ಮೊಕ ಇಂಗಾಗದೆ?" ಎಂದು ಅಡುಗೆಯಮ್ಮ ಕೇಳಿದಳು. ಬಸ್ಸಿನಲ್ಲಿ ನಿಂತುಕೊಂಡು ಬಂದೆ, ಅದಕ್ಕೆ ಎಂದೆ.

ಜನವರಿ ಶಾಲಾ ಪ್ರವಾಸದ ಕಾಲ. ರಸ್ತೆಯಲ್ಲೆಲ್ಲ ಮಕ್ಕಳು ತುಂಬಿದ ಬಸ್ಸುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಅವಳು ಗೇಟು ಹಿಡಿದುಕೊಂಡು ನೋಡುತ್ತಿದ್ದಳು. ನಮಗೂ ಒಂದು ಪ್ರವಾಸ ಇರಲಿ ಎಂದು ನಾನೇ ಹೇಳಿದೆ. ಮುತ್ತತ್ತಿಗೆ ಹೋಗೋಣ, ಹೊಳೆಯಲ್ಲಿ ಬೇಕಾದಷ್ಟು ಕಲ್ಲಿವೆ. ವಾಂತಿಯ ಭಯಕ್ಕೆ ಅವಳು ಎರಡು ದಿನ ಯೋಚಿಸಿ ಒಪ್ಪಿಕೊಂಡಳು. ತಾತನ ಒಪ್ಪಿಗೆ ಪಡೆದು, ಒಂದು ಭಾನುವಾರ ನಾನು, ಅಡುಗೆಯಮ್ಮ, ನಮ್ಮ ಇಡೀ ಶಾಲೆಯಾಗಿದ್ದ ಆ ಹುಡುಗಿ, ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆವು.

ಮಳವಳ್ಳಿ ಮುಟ್ಟುವ ಮೊದಲೇ ಎರಡು ಸಲ ವಾಂತಿಯಾಯಿತು. ಅಡುಗೆಯಮ್ಮ ನಿಂಬೆಹಣ್ಣು ಮೂಸಿಸುತ್ತಾ, "ಆಯ್ತು ಕಣವ್ವ, ಬಂದ್ಬುಡ್ತು ಕಣವ್ವ" ಎಂದು ಬೆನ್ನು ಸವರುತ್ತಿದ್ದಳು. ವಾಪಸ್ ಹೋಗೋಣವೇ ಎಂದರೆ ತಲೆ ಅಲ್ಲಾಡಿಸಿದಳು. ಮಳವಳ್ಳಿಯಲ್ಲಿ ಇಳಿದು ಮುಖ ತೊಳೆದುಕೊಂಡು, ಇನ್ನೊಂದು ಬಸ್ಸು ಹತ್ತಿ, ಹಲಗೂರಿನ ಆಚೆ ಕಾಡಿನ ದಾರಿ ಶುರುವಾದ ಮೇಲೆ ಕಿಟಕಿಗೆ ಹಣೆ ಒತ್ತಿಕೊಂಡು ಹೇಗೋ ಸುಧಾರಿಸಿಕೊಂಡಳು.

ದೇವಸ್ಥಾನದ ಮುಂದೆ ಜನವೋ ಜನ. ಅಡುಗೆಯಮ್ಮ ಹಣ್ಣುಕಾಯಿ ಮಾಡಿಸಲು ಹೋದಳು. ನಾನು ಹುಡುಗಿಯನ್ನು ನೀರು ಆಳವಿಲ್ಲದ ಕಡೆ ದಂಡೆಗೆ ಕರೆದುಕೊಂಡು ಬಂದೆ. ಅವಳ ಒಂದು ಕೈ ನನ್ನ ಕೈಯಲ್ಲೇ ಇತ್ತು. ಕಾವೇರಿ ಸೆಳೆತದ ಹೊಳೆ, ಬಿಡಲು ಧೈರ್ಯವಿರಲಿಲ್ಲ. ಕಾಲ ಕೆಳಗೆ ಎಲ್ಲಿ ನೋಡಿದರೂ ಗುಂಡುಕಲ್ಲುಗಳು. ಮೊಟ್ಟೆಯಂಥವು, ಗಾಜಿನ ಬಳೆಯಷ್ಟು ನುಣುಪಾದವು, ಅವರೆಕಾಳಿನಂಥವು. ನಮ್ಮೂರಲ್ಲಿ ಇಷ್ಟು ದಿನ ಆಯ್ದದ್ದರಲ್ಲಿ ಹೆಚ್ಚಿನವು ಮೂಲೆ ಮೂಲೆ ಮೊನಚಿನವು. ಅವಳು ಕೂತುಬಿಟ್ಟಳು.

"ಇವ್ಯಾಕೆ ಎಲ್ಲಾ ಗುಂಡ್ಗವೆ ಮಿಸ್?"

"ಇವೂ ಮೊದಲು ಮೊನಚಾಗೇ ಇದ್ದವು. ಹೊಳೆ ಉರುಳಿಸಿಕೊಂಡು ಬರುತ್ತಲ್ಲ, ಒಂದಕ್ಕೊಂದು ಉಜ್ಜಿ, ಬಡಿದಾಡಿ, ಹೀಗಾಗ್ತವೆ."

ಅವಳು ಎರಡು ಕಲ್ಲು ಎತ್ತಿಕೊಂಡು ಒಂದಕ್ಕೊಂದು ತಾಕಿಸಿ ನೋಡಿದಳು.

"ಒಂದೇ ಕಲ್ಲಿದ್ರೆ?"

"ಅಂದ್ರೆ?"

"ಒಳೇಲಿ ಒಂದೇ ಒಂದ್ ಕಲ್ಲಿದ್ರೆ ಅದು ಗುಂಡ್ಗಾಗ್ತಿರ್ಲಿಲ್ವಾ?"

ಮರಳೂ ನೀರೂ ಸವೆಸುತ್ತವೆ ಎಂದು ಹೇಳಬಹುದಿತ್ತು. ಹಾಗೆಂದೇ ಹೇಳಲು ಬಾಯಿ ತೆರೆದೆ. ಆದರೆ ಅವಳು ಆಗಲೇ ನೋಟ ಬೇರೆ ಕಡೆ ತಿರುಗಿಸಿದ್ದಳು. ಸ್ವಲ್ಪ ದೂರದಲ್ಲಿ ಯಾವುದೋ ಶಾಲೆಯ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ನೀರೆರಚುತ್ತಾ ಕಿರುಚಾಡುತ್ತಿದ್ದರು. ಒಬ್ಬಳು ಇನ್ನೊಬ್ಬಳ ಜಡೆ ಎಳೆದಳು, ಅವಳು ಅಳಲು ಶುರುಮಾಡಿದಳು, ಮರುಗಳಿಗೆ ಇಬ್ಬರೂ ನಗುತ್ತಿದ್ದರು. ಇವಳು ಕೈಯಲ್ಲಿದ್ದ ಕಲ್ಲುಗಳನ್ನು ಮರೆತು ಅವರನ್ನೇ ನೋಡುತ್ತಾ ನಿಂತಳು. ಆಮೇಲೆ ಹಸಿವು ಎಂದಳು. ನಾವು ಮೂವರೂ ಬಂಡೆಯ ನೆರಳಿನಲ್ಲಿ ಕೂತು ಚಿತ್ರಾನ್ನ ತಿಂದೆವು.

ಮುಂದಿನ ವರ್ಷ ಅವಳು ಐದನೇ ತರಗತಿ. ಅದೊಂದು ವರ್ಷ ಅವಳು ನನ್ನಲ್ಲೇ ಇರಬಹುದಿತ್ತು. ಇರಲಿ ಎಂದು ನನ್ನ ಮನಸ್ಸು ಎಷ್ಟು ಹಂಬಲಿಸುತ್ತಿತ್ತು ಎಂಬುದು ನನಗೇ ಗೊತ್ತು. ದಿನದಲ್ಲಿ ನನ್ನನ್ನು ಕಂಡು ಓಡಿಬರುವ ಜೀವ ಅದೊಂದೇ. ಆದರೂ ಮುತ್ತತ್ತಿಯಿಂದ ಬಂದ ವಾರದಲ್ಲೇ ಅವಳ ಮನೆಗೆ ಹೋದೆ. ತಾತ ಕೊಟ್ಟಿಗೆಯ ಮುಂದೆ ಕೂತು ಹಸುವಿಗೆ ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ನಡೆದು ಹೋಗುವಷ್ಟು ದೂರದ ಊರಿನಲ್ಲಿ ದೊಡ್ಡ ಸರ್ಕಾರಿ ಶಾಲೆ ಇದೆ, ಜೂನಿನಿಂದ ಅಲ್ಲಿಗೆ ಸೇರಿಸಿ ಎಂದೆ.

"ಯಾಕಮ್ಮ? ನಮ್ ಕೂಸು ಸರ್ಯಾಗ್ ಓದಕಿಲ್ವ?"

"ಚೆನ್ನಾಗಿ ಓದ್ತಾಳೆ. ಜೊತೆಗೆ ಮಕ್ಕಳು ಬೇಕು ಅವಳಿಗೆ. ಜಗಳ ಆಡೋಕಾದರೂ ಯಾರಾದರೂ ಬೇಕು."

ಅವರು ಕುಡುಗೋಲು ಕೆಳಗಿಟ್ಟರು. "ಇದೊಂದೂ ಓಗ್ಬುಟ್ರೆ ಇಸ್ಕೂಲ್ ಮುಚ್ಚೋಯ್ತದಲ್ಲ."

"ಹೌದು."

"ನಾನ್ ಅಕ್ಸರ ಕಲ್ತಿದ್ದು ಅಲ್ಲೇ ಕಣಮ್ಮ. ನನ್ ಮಗನೂವೆ."

ಹಸು ಕಡ್ಡಿಗೆ ಮೂತಿ ಚಾಚಿತು. ಅವರು ಒಂದು ತೆಕ್ಕೆ ಎತ್ತಿ ಅದರ ಮುಂದೆ ಹಾಕಿದರು.

"ನಿಮ್ಮುನ್ನ ಎಲ್ಲಿಗ್ ಆಕ್ತಾರೆ?"

"ಎಲ್ಲಾದರೂ ಹಾಕ್ತಾರೆ."

"ಓಗ್ಲಿ ಬುಡಿ. ನಿಮ್ಗೂ ವಸಿ ಜನ ಬೇಕು" ಎಂದರು. ಆ ಮಾತನ್ನು ಅಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ.

ಏಪ್ರಿಲಿನಲ್ಲಿ ಕಡೆಯ ದಿನ ತಾತ ಮೊಪೆಡ್ ತಂದರು. ಹುಡುಗಿ ಕಲ್ಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದಳು. ಎತ್ತಲಾಗದೆ ಎರಡು ಚೀಲವಾಯಿತು. "ಮನೇಲಿ ಮಡಗಕ್ ಜಾಗ ಎಲ್ಲದ್ಲೇ?" ಎಂದು ತಾತ ಗೊಣಗುತ್ತಲೇ ಕಟ್ಟಿಕೊಂಡರು. ಅಡುಗೆಯಮ್ಮ ಅತ್ತಳು. ನಾನು ಅಳಲಿಲ್ಲ. ಕೋಣೆ ಗುಡಿಸಿ, ಕಿಟಕಿ ಹಾಕಿ, ಬೀಗ ಜಡಿದು ಮಂಡ್ಯಕ್ಕೆ ಬಂದೆ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಗಿ, ಸೀರೆ ಉಟ್ಟ ಮೇಲೆ ಹೋಗಬೇಕಾದದ್ದು ಎಲ್ಲಿಗೂ ಇಲ್ಲ ಎಂದು ನೆನಪಾಯಿತು.

ಜೂನಿನಲ್ಲಿ ನನ್ನನ್ನು ಮಳವಳ್ಳಿ ಕಡೆಯ ಒಂದು ದೊಡ್ಡ ಶಾಲೆಗೆ ಹಾಕಿದರು. ಅಲ್ಲಿ ಮಕ್ಕಳ ಗದ್ದಲಕ್ಕೆ ನನ್ನ ದನಿಯೇ ಸಾಲುತ್ತಿರಲಿಲ್ಲ. ಹೆಸರುಗಳು ಕಲಸಿಹೋಗುತ್ತಿದ್ದವು. ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಸೈಟು, ಸೊಸೆ, ವರ್ಗಾವಣೆ ಮಾತಾಡುತ್ತಿದ್ದರು. ಒಳ್ಳೆಯ ಜನವೇ. ಪಲ್ಯ ಹಂಚಿಕೊಳ್ಳುತ್ತಿದ್ದರು, ಮದುವೆಗಳಿಗೆ ಕರೆಯುತ್ತಿದ್ದರು. ಅವರೆಲ್ಲ ಎಷ್ಟೋ ವರ್ಷದಿಂದ ಜೊತೆಗಿದ್ದವರು, ಅರ್ಧ ಮಾತಿಗೇ ನಗುತ್ತಿದ್ದರು. ಆ ನಗುವಿನ ಹಿಂದಿನ ಅರ್ಧ ನನಗೆ ಗೊತ್ತಿರುತ್ತಿರಲಿಲ್ಲ.

ಒಂದು ಸಂಜೆ ತಾತನಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇದು. ಹೊಸ ಶಾಲೆಯ ಮೊದಲ ದಿನಗಳಲ್ಲಿ ಇವಳ ಹತ್ತಿರ ಯಾರೂ ಕೂರಲಿಲ್ಲ. ಮನೆಗೆ ಬಂದು ಊಟ ಬಿಟ್ಟು ಮಲಗಿದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಚೀಲ ಬಿಚ್ಚಿ ಕೂತು, ಒಂದೊಂದೇ ಕಲ್ಲು ಆರಿಸಿ ಬ್ಯಾಗಿಗೆ ತುಂಬಿದಳು. ತರಗತಿಯಲ್ಲಿ ಒಬ್ಬೊಬ್ಬರ ಮುಂದೆಯೂ ಒಂದೊಂದು ಇಟ್ಟು, ಇದು ಎಲ್ಲಿಯದು, ಇದನ್ನು ಉಜ್ಜಿದರೆ ಏನಾಗುತ್ತದೆ, ಇದನ್ನು ಒದ್ದೆ ಮಾಡಿದರೆ ಏನು ಕಾಣುತ್ತದೆ ಎಂದು ಹೇಳಿದಳಂತೆ.

"ಬಳ್ಳಾರಿದೂ ಕೊಟ್ಬುಟ್ಟವ್ಳೆ, ಅವಳಪ್ಪ ತಂದಿದ್ದು. ಯಾಕ್ ಕೊಟ್ಟೆ ಅಂದ್ರೆ, ಅಪ್ಪ ಇನ್ನೊಂದ್ ತತ್ತದೆ ಬುಡು ತಾತ ಅಂತಾಳೆ. ಈಗ ಬಾಯಿ ನಿಲ್ಲಕಿಲ್ಲ ಕಣಮ್ಮ. ಇಸ್ಕೂಲ್ ಮೇಷ್ಟ್ರು ಕರ್ದು ಏಳವ್ರೆ, ನಿಮ್ ಮೊಮ್ಮಗಳು ಮಾತ್ ಕಮ್ಮಿ ಮಾಡ್ಬೇಕು ಅಂತ."

ಕಲ್ಲು ಆಯುವ ಮಕ್ಕಳು ಏನು ಕಲಿಯುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಹೇಳಲು ಸಾಧ್ಯವಿರುವುದು ಈ ಒಂದು ಮಗುವಿನ ವಿಷಯ ಮಾತ್ರ. ಅದು ನೋಡುವುದನ್ನು ಕಲಿಯಿತು, ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವುದನ್ನು ಕಲಿಯಿತು, ಗುರುತಿಲ್ಲದವರ ಮುಂದೆ ಕೈಯೊಡ್ಡಿ ಕೇಳುವುದನ್ನು ಕಲಿಯಿತು. ಕೊಟ್ಟುಬಿಡುವುದನ್ನು ನಾನು ಹೇಳಿಕೊಡಲಿಲ್ಲ. ಅದನ್ನು ತಾನೇ ಕಲಿಯಿತು.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ಮಂಡ್ಯದ ನೇರ ಬಸ್ಸು ತಪ್ಪಿಹೋಗಿ ಮದ್ದೂರಿನ ಮೇಲೆ ಬಂದೆ. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ "ಮಿಸ್!" ಎಂಬ ಕೂಗು. ಕ್ರೀಡಾಕೂಟ ಮುಗಿಸಿ ಬಂದ ಹುಡುಗಿಯರ ಗುಂಪು, ಕಾಲೆಲ್ಲ ಕೆಂಪು ಧೂಳು. ಅವರೊಳಗಿಂದ ಅವಳು ಬಿಡಿಸಿಕೊಂಡು ಓಡಿಬಂದಳು. ಒಂದು ಗೇಣು ಬೆಳೆದಿದ್ದಳು.

"ಮಿಸ್, ನಾವು ಖೋಖೋದಲ್ಲಿ ಗೆದ್ದೋ! ಇವ್ಳು ನನ್ ಪಕ್ಕ ಕೂತ್ಕತಾಳೆ. ಇವ್ಳು ನನ್ ಜೊತೆ ಟೂ ಬುಟ್ಟಿದ್ಲು, ಈಗ ಸರಿಯೋಗಿದ್ದೀವಿ. ಮಿಸ್, ನಂಗೀಗ ಬಸ್ಸಲ್ಲಿ ವಾಂತಿ ಬರಲ್ಲ!"

ಉಸಿರು ತೆಗೆದುಕೊಳ್ಳದೆ ಹೇಳುತ್ತಲೇ ಇದ್ದಳು. ಕಲ್ಲಿನ ಮಾತು ಬರಬಹುದೆಂದು ಕಾದೆ. ಬರಲಿಲ್ಲ. ನಾನೂ ಕೇಳಲಿಲ್ಲ.

"ನಿಮ್ ಇಸ್ಕೂಲಲ್ಲಿ ಎಷ್ಟ್ ಜನವ್ರೆ ಮಿಸ್?"

"ತುಂಬಾ ಜನ. ಹಿಂಡು ಹಿಂಡು."

"ಅಂಗಾದ್ರೆ ನಿಮ್ಗೂ ಬ್ಯಾಸ್ರ ಇಲ್ಲ" ಎಂದಳು, ನನಗಾಗಿ ನಿಜವಾಗಿಯೂ ಸಂತೋಷಪಟ್ಟು.

"ಇಲ್ಲ ಕಣೇ" ಎಂದೆ.

ಅವರ ಬಸ್ಸು ಬಂತು. ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿದರು. ಕಿಟಕಿಯಲ್ಲಿ ಅವಳ ಮುಖ ಕಾಣುತ್ತದೇನೋ ಎಂದು ನೋಡಿದೆ. ಅವಳು ಬೆನ್ನು ತಿರುಗಿಸಿ, ಹಿಂದಿನ ಸೀಟಿನವಳ ಜೊತೆ ಜಾಗಕ್ಕಾಗಿ ಜಗಳವಾಡುತ್ತಿದ್ದಳು. ಬಸ್ಸು ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ನನ್ನ ಬಸ್ಸೂ ಬಂತು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಹನಿ ಬೀಳತೊಡಗಿದ್ದರಿಂದ ಗಾಜು ಎಳೆದುಕೊಂಡೆ.

"ಎಲ್ಲಿಗಮ್ಮ? ಎಷ್ಟ್ ಜನ?" ಎಂದು ಕಂಡಕ್ಟರ್ ಕೇಳಿದ.

"ಒಂದು ಮಂಡ್ಯ" ಎಂದೆ.